ಹತ್ತು ಗಾಡಿ ಸೇರಿ ಒಂದು ಸದ್ದು

ಮಾವ ನನ್ನ ಗಾಡಿಯ ಹಿಂದೆಯೇ ಕೂರುವುದು ಅಂತ ಹಿಂದಿನ ರಾತ್ರಿಯೇ ತೀರ್ಮಾನವಾಗಿತ್ತು. "ಅವನು ಓಡಿಸೋದನ್ನ ಹದಿನೆಂಟನೇ ವಯಸ್ಸಿಂದ ನೋಡಿದೀನಿ ಕಣಮ್ಮ. ನನಗೆ ಇನ್ನೂ ಸ್ವಲ್ಪ ದಿನ ಬದುಕೋ ಆಸೆ ಇದೆ" ಅಂದರು, ಮಗನ ಎದುರಿಗೇ. ನನ್ನ ಗಂಡ ತುಟಿ ಬಿಚ್ಚಲಿಲ್ಲ. ಪೂರ್ತಿ ಒಂದು ಗಾಡಿ ತನಗೊಬ್ಬನಿಗೇ ಸಿಕ್ಕಿತಲ್ಲ ಅಂತ ಒಳಗೊಳಗೇ ಖುಷಿ.

ಜನವರಿ ಕೊನೆಯ ವಾರ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಿಂದ ಐದೂವರೆ ಗಂಟೆ ಕಾರು ಓಡಿಸಿಕೊಂಡು ವೆಸ್ಟ್ ಯೆಲ್ಲೋಸ್ಟೋನ್ ಊರಿಗೆ ಬಂದಿದ್ದೆವು. ಅಲ್ಲಿಗೆ ಕಾರಿನ ದಾರಿ ಮುಗಿಯಿತು. ಚಳಿಗಾಲದಲ್ಲಿ ಯೆಲ್ಲೋಸ್ಟೋನ್ ಉದ್ಯಾನದೊಳಗೆ ಕಾರಿಗೆ ತೆರೆದಿರುವುದು ಉತ್ತರದಂಚಿನ ಒಂದೇ ರಸ್ತೆ, ಗಾರ್ಡಿನರ್‌ನಿಂದ ಕುಕ್ ಸಿಟಿಗೆ ಹೋಗುವುದು. ಮಿಕ್ಕ ರಸ್ತೆಗಳ ಮೇಲೆ ಬಿದ್ದ ಹಿಮವನ್ನು ತೆಗೆಯುವುದೇ ಇಲ್ಲ, ಒತ್ತಿ ಸಮ ಮಾಡುತ್ತಾರೆ. ಇದಕ್ಕೆ ಅವರು ಗ್ರೂಮಿಂಗ್ ಅನ್ನುತ್ತಾರೆ. ಆ ಒತ್ತಿದ ಹಿಮದ ಮೇಲೆ ಡಿಸೆಂಬರ್ ನಡುವಿನಿಂದ ಮಾರ್ಚ್ ನಡುವಿನವರೆಗೆ ಎರಡೇ ಬಗೆಯ ವಾಹನ: ಮುಂದೆ ಎರಡು ಸ್ಕೀ ಪಟ್ಟಿಗಳ ಮೇಲೆ ಜಾರುವ ಸ್ನೋಮೊಬೈಲ್ ಎಂಬ ಹಿಮದ ಬೈಕು, ಇಲ್ಲವೇ ಸ್ನೋಕೋಚ್ ಎಂಬ ಹಿಮದ ವ್ಯಾನು.

ಬೆಳಿಗ್ಗೆ ಮೈನಸ್ 22 ಡಿಗ್ರಿ. ಬಾಡಿಗೆ ಅಂಗಡಿಯವರು ತೊಡಿಸಿದ ಸೂಟು, ಬೂಟು, ಹೆಲ್ಮೆಟ್ಟಿನಲ್ಲಿ ಮಾವ ಚಂದ್ರಲೋಕಕ್ಕೆ ಹೊರಟವರ ಹಾಗೆ ಕಾಣುತ್ತಿದ್ದರು. ಮೂವತ್ತೈದು ವರ್ಷ ಗ್ಯಾರೇಜು ನಡೆಸಿದ ಮನುಷ್ಯ. ಎಲ್ಲರೂ ಫೋಟೋ ತೆಗೆಸಿಕೊಳ್ಳುವಾಗ ಇವರು ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಸೈಲೆನ್ಸರಿಗೆ ಮೂಗು ಒಡ್ಡಿದ್ದರು. ನಾನು ಸ್ಟಾರ್ಟ್ ಮಾಡಿದೆ.

"ಫೋರ್ ಸ್ಟ್ರೋಕು" ಅಂದರು, ಯಾರೋ ಮೋಸ ಮಾಡಿದ ಹಾಗೆ. "ಸ್ನೋಮೊಬೈಲ್ ಅಂದ್ರೆ ಟೂ ಸ್ಟ್ರೋಕ್ ಅಲ್ವೇನಮ್ಮ? ಹೊಗೆನೇ ಇಲ್ಲ."

ಇಪ್ಪತ್ತೈದು ವರ್ಷದ ಹಿಂದೆ ಬಂದಿದ್ದರೆ ಅವರಿಗೆ ಬೇಕಾದಷ್ಟು ಹೊಗೆ ಸಿಗುತ್ತಿತ್ತು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಹೊಸ ಪೆಟ್ರೋಲು ಒಳಗೆ ಬರುವುದೂ ಹಳೆ ಹೊಗೆ ಹೊರಗೆ ಹೋಗುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಹೊಗೆಯ ಜೊತೆ ಸುಡದ ಪೆಟ್ರೋಲೂ ಆಚೆ ನುಗ್ಗುತ್ತದೆ, ಹಳೆಯ ಗಾಡಿಗಳಲ್ಲಿ ಕಾಲು ಭಾಗದಷ್ಟು, ಅದಕ್ಕಿಂತ ಹೆಚ್ಚೂ. ಬೆರೆಸಿದ ಎಣ್ಣೆ ಬೇರೆ. ಆ ನೀಲಿ ಹೊಗೆಯ ವಾಸನೆ ನಮ್ಮ ತಲೆಮಾರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ತೊಂಬತ್ತರ ದಶಕದ ಚಳಿಗಾಲದಲ್ಲಿ ಇಂಥ ಗಾಡಿಗಳು ದಿನಕ್ಕೆ ಸರಾಸರಿ ಎಂಟುನೂರರ ಹತ್ತಿರ ಯೆಲ್ಲೋಸ್ಟೋನಿಗೆ ನುಗ್ಗುತ್ತಿದ್ದವು, ರಜೆಯ ದಿನಗಳಲ್ಲಿ ಸಾವಿರ ದಾಟುತ್ತಿತ್ತು. ಚಳಿಯ ಮುಂಜಾನೆ ಗಾಳಿ ಅಲ್ಲಾಡುವುದಿಲ್ಲ. ನೆಲದ ಹತ್ತಿರ ತಣ್ಣನೆ ಗಾಳಿ, ಮೇಲೆ ಬೆಚ್ಚನೆಯದು. ಮುಚ್ಚಳ ಮುಚ್ಚಿದ ಪಾತ್ರೆಯ ಹಾಗೆ ಹೊಗೆ ಅಲ್ಲೇ ನಿಲ್ಲುತ್ತದೆ. ಇಂಜಿನ್ ಚಾಲೂ ಇಟ್ಟುಕೊಂಡು ಗಾಡಿಗಳು ಸಾಲುಗಟ್ಟುತ್ತಿದ್ದದ್ದು ಪಶ್ಚಿಮ ದ್ವಾರದಲ್ಲಿ. ಅಲ್ಲಿ ಟಿಕೆಟ್ ಕೊಡುವ ರೇಂಜರ್‌ಗಳಿಗೆ ತಲೆನೋವು, ವಾಕರಿಕೆ. ಗೂಡಿನೊಳಕ್ಕೆ ಪಂಪಿನಿಂದ ಶುದ್ಧ ಗಾಳಿ ಬಿಡುವ ವ್ಯವಸ್ಥೆ ಮಾಡಿದರು. 2002ರ ಚಳಿಗಾಲದಲ್ಲಿ ಅವರಿಗೆ ಮುಖಕ್ಕೆ ಗ್ಯಾಸ್ ಮಾಸ್ಕಿನಂಥ ರೆಸ್ಪಿರೇಟರ್ ಕೊಟ್ಟರು. 1872ರಲ್ಲಿ ಹುಟ್ಟಿದ, ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ಅನ್ನಿಸಿಕೊಂಡ ಜಾಗದ ಬಾಗಿಲಲ್ಲಿ ಸರ್ಕಾರಿ ನೌಕರ ಮಾಸ್ಕು ಹಾಕಿಕೊಂಡು "ಸ್ವಾಗತ" ಅನ್ನುವ ಚಿತ್ರ. ಅದು ಪತ್ರಿಕೆಗಳಲ್ಲಿ ಬಂದಮೇಲೆ ಸ್ನೋಮೊಬೈಲನ್ನು ಒಳಗೆ ಬಿಡಬೇಕೋ ಬೇಡವೋ ಅಂತ ವಾದ ಮಾಡುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ ಅಂತ ನಾನು ಅಂದುಕೊಂಡಿದ್ದೆ. ತಪ್ಪು. ವಾದ ಇನ್ನೂ ಹನ್ನೊಂದು ವರ್ಷ ನಡೆಯಿತು.

ಹೊರಟೆವು. ಗೈಡ್ ಮುಂದೆ, ನಾವು ಏಳು ಗಾಡಿ ಹಿಂದೆ, ಬಾತುಕೋಳಿ ಮರಿಗಳ ಹಾಗೆ. ಹೆಬ್ಬೆರಳಿನಿಂದ ಒತ್ತುವ ಥ್ರಾಟಲ್, ಬಿಸಿಯಾಗುವ ಹಿಡಿಕೆ. ವೇಗ ಗಂಟೆಗೆ 35 ಮೈಲಿ ದಾಟುವಂತಿಲ್ಲ. ರಸ್ತೆ ಬಿಟ್ಟು ಒಂದು ಅಡಿ ಆಚೆಗೂ ಇಳಿಯುವಂತಿಲ್ಲ. ಬೇಸಿಗೆಯಲ್ಲಿ ಕಾರು ಓಡುವ ಡಾಂಬರಿನ ಮೇಲೆಯೇ ಚಳಿಗಾಲದಲ್ಲಿ ಇವು ಓಡಬೇಕು. ಸ್ನೋಮೊಬೈಲ್ ಅಂದರೆ ಬೆಟ್ಟ ಗುಡ್ಡ ಅಂತ ಎಲ್ಲೆಂದರಲ್ಲಿ ಹಾರಿಸುವುದು ಅಂದುಕೊಂಡು ಬಂದವರಿಗೆ ಇಲ್ಲಿ ನಿರಾಸೆ ಖಂಡಿತ.

ಸುಳ್ಳು ಯಾಕೆ ಹೇಳಲಿ, ಆ ಅರ್ಧ ಗಂಟೆ ನನಗೆ ಸ್ವರ್ಗವೇ. ಎಡಕ್ಕೆ ಮ್ಯಾಡಿಸನ್ ನದಿ. ಮೇಲಿನಿಂದ ಬಿಸಿನೀರ ಬುಗ್ಗೆಗಳ ನೀರು ಬಂದು ಸೇರುವುದರಿಂದ ಇಂಥ ಚಳಿಯಲ್ಲೂ ಹೆಪ್ಪುಗಟ್ಟದೆ ಹೊಗೆಯಾಡುತ್ತ ಹರಿಯುತ್ತಿತ್ತು. ಅದರ ಮೇಲೆ ಟ್ರಂಪೆಟರ್ ಹಂಸಗಳು, ಬಿಳಿಯ ಮೇಲೆ ಬಿಳಿ, ಕೊಕ್ಕು ಮಾತ್ರ ಕಪ್ಪು. ಅವನ್ನು ನೋಡುತ್ತ ಕತ್ತು ತಿರುಗಿಸಿದೆ. ಕತ್ತು ತಿರುಗಿದ ಕಡೆಗೇ ಕೈ. ಗಾಡಿಯ ಎಡ ಸ್ಕೀ ಒತ್ತಿದ ಹಿಮದ ಅಂಚು ದಾಟಿ ಮೆತ್ತನೆ ಹಿಮಕ್ಕೆ ಇಳಿಯಿತು, ಅಲ್ಲಿಂದ ಹಿಟ್ಟಿನ ಮೂಟೆಗೆ ಬಿದ್ದ ಹಾಗೆ ನಿಧಾನಕ್ಕೆ ವಾಲಿ, ಇಬ್ಬರೂ ಸೊಂಟದವರೆಗೆ ಹೂತುಹೋದೆವು. ಪೆಟ್ಟೇನೂ ಆಗಲಿಲ್ಲ. ಮಾವನ ಹೆಲ್ಮೆಟ್ಟಿನೊಳಗಿಂದ "ನಾನು ಅವನ ಹಿಂದೆನೇ ಕೂರಬೇಕಿತ್ತು" ಅಂತ ಕೇಳಿಸಿತು.

ಗೈಡ್ ಬಂದ, ಇನ್ನಿಬ್ಬರ ಜೊತೆ ಸೇರಿ ಗಾಡಿ ಎಳೆದ. ಬೈಯಲಿಲ್ಲ, ಆದರೆ ಹಿಮದಲ್ಲಿ ನಾವು ಮಾಡಿದ ಹೊಂಡವನ್ನು ತೋರಿಸಿ ಒಂದು ಮಾತು ಹೇಳಿದ: ಇದರ ತಳದಲ್ಲಿ ಜನ ವಾಸ ಇದ್ದಾರೆ. ಇಲಿಯ ಜಾತಿಯ ವೋಲ್, ಮೂಗಿಲಿ, ಇವೆಲ್ಲ ಚಳಿಗಾಲ ಕಳೆಯುವುದು ನೆಲಕ್ಕೂ ಹಿಮಕ್ಕೂ ನಡುವಿನ ಬೆರಳಗಲದ ಸಂದಿಯಲ್ಲಂತೆ. ಮೇಲೆ ಮೈನಸ್ 22 ಇದ್ದರೂ ಹಿಮದ ಕಂಬಳಿಯ ಅಡಿಯಲ್ಲಿ ಸೊನ್ನೆಯ ಆಸುಪಾಸು. ಹಿಮ ಒತ್ತಿಹೋದರೆ ಸಂದಿ ಮುಚ್ಚುತ್ತದೆ, ಕಂಬಳಿಯ ಗುಣವೂ ಹೋಗುತ್ತದೆ. ರಸ್ತೆ ಬಿಟ್ಟು ಇಳಿಯಬಾರದು ಅನ್ನುವ ನಿಯಮ ನನ್ನ ಸೊಂಟಕ್ಕೆ ಮಾತ್ರ ಅಲ್ಲ ಅಂತಾಯಿತು.

ಅಲ್ಲಿಂದ ಒಂದೆರಡು ಮೈಲಿ ಹೋಗಿರಬೇಕು, ಗೈಡ್ ಎಡಗೈ ಎತ್ತಿದ. ಎಲ್ಲರೂ ಬಲಕ್ಕೆ ಒತ್ತಿ ನಿಲ್ಲಿಸಿದೆವು, ಇಂಜಿನ್ ಬಂದ್. ಎದುರಿನಿಂದ ಅದೇ ರಸ್ತೆಯಲ್ಲಿ ಬೈಸನ್‌ಗಳು, ಅಂದರೆ ಅಮೆರಿಕದ ಕಾಡೆಮ್ಮೆಗಳು, ಬರುತ್ತಿದ್ದವು. ಹದಿನಾಲ್ಕು, ಎಣಿಸಿದೆ. ಒಂದರ ಹಿಂದೆ ಒಂದು, ನಮ್ಮ ಹಾಗೆಯೇ. ಬೈಸನ್‌ಗಳಿಂದ 25 ಗಜ ದೂರ ಇರಬೇಕು, ಕರಡಿ ತೋಳಗಳಿಂದಾದರೆ 100 ಗಜ ಅಂತ ನಮಗೆ ಬೆಳಿಗ್ಗೆ ಪಾಠ ಆಗಿತ್ತು. ಅವುಗಳಿಗೆ ಆಗಿರಲಿಲ್ಲ. ಗಾಡಿಗಳ ಆಚೆ ಬದಿಗೆ ಇಳಿದು, ಗಾಡಿಯನ್ನೇ ಗೋಡೆ ಮಾಡಿಕೊಂಡು ನಿಂತೆವು. ಮಾವ ನನ್ನ ಜಾಕೆಟ್ಟಿನ ತೋಳು ಹಿಡಿದಿದ್ದರು.

ಮೊದಲನೆಯದು ಹಾದುಹೋದಾಗ ಕಂಡದ್ದು ಅದರ ರೆಪ್ಪೆ. ಒಂದೊಂದು ಕೂದಲಿಗೂ ಮಂಜಿನ ಹರಳು. ಗಡ್ಡದಿಂದ ಹಿಮದ ಗೊಂಚಲು ನೇತಾಡುತ್ತಿತ್ತು, ನಡೆದಾಗೆಲ್ಲ ಸಣ್ಣಗೆ ಕಿಣಿ ಕಿಣಿ. ಬೆನ್ನಿನ ಮೇಲೆ ಬಿದ್ದ ಹಿಮ ಕರಗಿರಲಿಲ್ಲ, ಅಷ್ಟು ದಪ್ಪ ತುಪ್ಪಳ. ಒಳಗಿನ ಬಿಸಿ ಒಂದಿಷ್ಟೂ ಆಚೆ ಬರುತ್ತಿಲ್ಲ. ಗೊರಸಿನ ಅಡಿ ಹಿಮ ಕರಕರ ಅನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ. ಐದನೆಯದು ನಮ್ಮ ಗಾಡಿಯ ನೇರಕ್ಕೆ ಬಂದು ನಿಂತಿತು. ನಿಂತು, ಯಾವ ಅವಸರವೂ ಇಲ್ಲದೆ ಉಚ್ಚೆ ಹೊಯ್ದು, ಆವಿ ಎಬ್ಬಿಸಿ, ಮುಂದೆ ಹೋಯಿತು. ಮಾವ ತೋಳು ಬಿಟ್ಟರು. "ಎಮ್ಮೆ ಎಲ್ಲಿದ್ರೂ ಎಮ್ಮೆನೇ" ಅಂದರು ಪಿಸುಮಾತಿನಲ್ಲಿ.

ಈ ಪ್ರಾಣಿಗಳಿಗೆ ಚಳಿಗಾಲ ಅಂದರೆ ಕೂಡಿಟ್ಟದ್ದನ್ನು ಕರಗಿಸುವ ಕಾಲ. ತಲೆಯನ್ನೇ ಸಲಿಕೆ ಮಾಡಿ ಹಿಮ ತಳ್ಳಿ ಒಣಹುಲ್ಲು ಹುಡುಕಬೇಕು, ಅದರಲ್ಲಿ ಸಿಗುವ ಕಸುವು ಸಾಲದೆ ಮೈಯ ಕೊಬ್ಬು ಕರಗುತ್ತ ಹೋಗುತ್ತದೆ. ಬೆದರಿ ಓಡಿದ ನೂರು ಮೀಟರೂ ಆ ಲೆಕ್ಕದಿಂದಲೇ ಕಳೆಯಬೇಕು. ಗೈಡ್ ಇಲ್ಲದ ಕಾಲದಲ್ಲಿ ಜನ ತಾಳ್ಮೆ ಕಳೆದುಕೊಂಡು ಹಿಂಡಿನ ಹಿಂದೆ ಗಾಡಿ ಓಡಿಸಿ ರಸ್ತೆ ಖಾಲಿ ಮಾಡಿಸುತ್ತಿದ್ದದ್ದುಂಟು.

ಇಡೀ ವ್ಯಾಜ್ಯ ಶುರುವಾದದ್ದೂ ಹೊಗೆಯಿಂದಲ್ಲ, ಈ ಬೈಸನ್‌ಗಳಿಂದ. 1996-97ರ ಚಳಿಗಾಲ ಘೋರವಾಗಿತ್ತು. ಹಿಮದ ಮೇಲ್ಪದರ ಗಟ್ಟಿಯಾಗಿ ಹುಲ್ಲು ಸಿಗದೆ ಬೈಸನ್‌ಗಳು ಉದ್ಯಾನದ ಗಡಿ ದಾಟಿ ಮೊಂಟಾನಾಕ್ಕೆ ಇಳಿದವು. ಬ್ರುಸೆಲ್ಲೋಸಿಸ್ ರೋಗ ದನಗಳಿಗೆ ಹತ್ತೀತು ಅನ್ನುವ ಭಯಕ್ಕೆ ಸಾವಿರಕ್ಕೂ ಹೆಚ್ಚನ್ನು ಕೊಂದರು. ಹಿಮ ಒತ್ತಿ ಹೆದ್ದಾರಿ ಮಾಡಿಕೊಟ್ಟಿದ್ದರಿಂದಲೇ ಅವು ಸಲೀಸಾಗಿ ಹೊರಗೆ ನಡೆದವು ಅಂತ ಪ್ರಾಣಿದಯೆಯ ಸಂಘಟನೆಯೊಂದು 1997ರಲ್ಲಿ ಮೊಕದ್ದಮೆ ಹೂಡಿತು. ತಮಾಷೆಯೆಂದರೆ, ಆಮೇಲೆ ಕೂತು ವರ್ಷಗಟ್ಟಲೆ ನೋಡಿದ ಸಂಶೋಧಕರಿಗೆ ಕಂಡದ್ದು ಬೇರೆ: ಬೈಸನ್‌ಗಳ ಬಹುಪಾಲು ಓಡಾಟ ರಸ್ತೆಯ ಮೇಲಲ್ಲ, ನದೀತೀರದ ತಮ್ಮದೇ ಜಾಡಿನಲ್ಲಿ. ರಸ್ತೆಯನ್ನು ಅವು ಹೆಚ್ಚು ಬಳಸಿದ್ದು ಏಪ್ರಿಲ್‌ನಲ್ಲಿ, ಗ್ರೂಮಿಂಗ್ ನಿಂತಮೇಲೆ. ಆದರೆ ಅಷ್ಟರಲ್ಲಿ ಜಗಳ ಹೊಗೆ, ಸದ್ದು, ಹಕ್ಕು, ಊರಿನ ಹೊಟ್ಟೆಪಾಡು ಅಂತ ಬೇರೆ ಬೇರೆ ಕಡೆ ಹಬ್ಬಿತ್ತು.

ಕೋರ್ಟಿನ ಕಥೆ ಪೂರ್ತಿ ಹೇಳಿದರೆ ನೀವು ಎದ್ದು ಹೋಗುತ್ತೀರಿ. ಕ್ಲಿಂಟನ್ ಸರ್ಕಾರ ಹೋಗುವ ಹೊತ್ತಿಗೆ, 2001ರ ಜನವರಿಯಲ್ಲಿ, ಸ್ನೋಮೊಬೈಲನ್ನು ಹಂತಹಂತವಾಗಿ ನಿಲ್ಲಿಸುವ ನಿಯಮ ಬಂತು. ಬುಷ್ ಸರ್ಕಾರ ಅದನ್ನು ತಿರುಗಿಸಿ ದಿನಕ್ಕೆ 950 ಬಿಡುತ್ತೇವೆ ಅಂದಿತು. 2003ರ ಡಿಸೆಂಬರ್ 16ರಂದು, ಋತು ಶುರುವಾಗುವ ಹಿಂದಿನ ದಿನ, ವಾಷಿಂಗ್ಟನ್ನಿನ ನ್ಯಾಯಾಧೀಶ ಎಮೆಟ್ ಸಲ್ಲಿವಾನ್ ಅದನ್ನು ರದ್ದು ಮಾಡಿ ಹಳೆಯ ನಿಷೇಧದ ನಿಯಮವನ್ನೇ ಎಬ್ಬಿಸಿದರು. ಗಾಡಿ ಬುಕ್ ಮಾಡಿ ಬಂದು ಹೋಟೆಲಿನಲ್ಲಿ ಮಲಗಿದ್ದವರ ಗತಿ ಯೋಚಿಸಿ. ಎರಡು ತಿಂಗಳು ಆಗುವಷ್ಟರಲ್ಲಿ ವಯೋಮಿಂಗ್‌ನ ನ್ಯಾಯಾಧೀಶ ಕ್ಲಾರೆನ್ಸ್ ಬ್ರಿಮ್ಮರ್ ಆ ನಿಷೇಧಕ್ಕೇ ತಡೆ ಕೊಟ್ಟರು. ಆಮೇಲೆ 720 ಆಯಿತು, 540 ಅಂದರು, ಅದೂ ಬಿದ್ದುಹೋಯಿತು, 2009ರಲ್ಲಿ 318ಕ್ಕೆ ಇಳಿಯಿತು. ಹರಾಜಿನ ಕೂಗು ಕೇಳಿದ ಹಾಗಿತ್ತು.

2013ರಲ್ಲಿ ಉದ್ಯಾನದವರು ಮಾಡಿದ್ದು ನನಗೆ ನಿಜಕ್ಕೂ ಇಷ್ಟವಾದ ಕೆಲಸ. ಇಲ್ಲಿ ಸ್ವಲ್ಪ ನನ್ನ ಕಸುಬಿನ ಮಾತು ಬರುತ್ತದೆ, ಸಹಿಸಿಕೊಳ್ಳಿ. ಕಟ್ಟಡಗಳ ಏಸಿ ಯಂತ್ರಗಳ ಸದ್ದು ಅಳೆದು ಕಡಿಮೆ ಮಾಡಿಸುವುದು ನನ್ನ ಹೊಟ್ಟೆಪಾಡು. ಗಾಡಿಗಳನ್ನು ಎಣಿಸುವುದನ್ನು ಬಿಟ್ಟು ಉದ್ಯಾನದವರು ಗುಂಪುಗಳನ್ನು ಎಣಿಸಲು ಶುರುಮಾಡಿದರು. ಹತ್ತರವರೆಗೆ ಸ್ನೋಮೊಬೈಲ್ ಇರುವ ಒಂದು ಗುಂಪು, ಅಥವಾ ಒಂದು ಸ್ನೋಕೋಚ್, ಇದು ಒಂದು "ಸಂಚಾರ ಘಟನೆ". ದಿನಕ್ಕೆ ಇಂಥವು 110, ಅದರಲ್ಲಿ ಸ್ನೋಮೊಬೈಲ್ ಗುಂಪುಗಳು 50 ಮೀರುವಂತಿಲ್ಲ. ಗುಂಪಿನಲ್ಲಿ ಗರಿಷ್ಠ ಹತ್ತು ಗಾಡಿಯಾದರೂ ಇಡೀ ಋತುವಿನ ಸರಾಸರಿ ಏಳಕ್ಕೆ ನಿಲ್ಲಬೇಕು.

ಇದರ ಚೆಂದ ಎಲ್ಲಿದೆ ಅಂದರೆ, ಸದ್ದು ರಾಗಿಮೂಟೆಯ ಹಾಗೆ ಕೂಡುವುದಿಲ್ಲ. ಒಂದರ ಪಕ್ಕ ಅಂಥದೇ ಇನ್ನೊಂದು ಗಾಡಿ ನಿಂತರೆ ಏರುವುದು ಮೂರು ಡೆಸಿಬೆಲ್. ಹತ್ತು ಒಟ್ಟಿಗೆ ಇದ್ದರೂ ಒಂದಕ್ಕಿಂತ ಹತ್ತು ಡೆಸಿಬೆಲ್ ಅಷ್ಟೇ ಜಾಸ್ತಿ. ಕಿವಿಗೆ ಸುಮಾರು ಎರಡರಷ್ಟು ಜೋರು ಅನ್ನಿಸುತ್ತದೆ. ಅದೇ ಹತ್ತು ಗಾಡಿ ಐದೈದು ನಿಮಿಷಕ್ಕೆ ಒಂದೊಂದು ಬಂದರೆ? ಆ ಕಣಿವೆಯ ಒಂದಿಡೀ ಗಂಟೆ ಹಾಳು. ಒಂದರ ಸದ್ದು ಸಾಯುವ ಮೊದಲೇ ಇನ್ನೊಂದರದ್ದು ಹುಟ್ಟುತ್ತದೆ. ಗುಂಪು ಕಟ್ಟಿ ಒಮ್ಮೆಗೇ ದಾಟಿಸಿದರೆ ಕಾಡಿಗೆ ಒಂದೇ ಪೆಟ್ಟು, ಆಮೇಲೆ ಬಿಡುವು. ಹೋಟೆಲಿನಲ್ಲಿ ಏಸಿ ಶಬ್ದ ಅಂತ ದೂರು ಕೊಡುವವರೂ ಸಾಮಾನ್ಯವಾಗಿ ಎಷ್ಟು ಜೋರು ಅನ್ನುವುದಿಲ್ಲ, "ಬಿಡುವೇ ಇಲ್ಲ" ಅನ್ನುತ್ತಾರೆ. ನಾನು ಹದಿನೈದು ವರ್ಷ ಕೇಳಿದ ಮಾತು ಅದು.

ಜೊತೆಗೆ ಗಾಡಿಗೂ ಮಿತಿ ಬಿಗಿಯಾಯಿತು. ನಿಗದಿತ ವಿಧಾನದಲ್ಲಿ ಅಳೆದಾಗ ಮೊದಲು 73 ಡೆಸಿಬೆಲ್ ಇದ್ದದ್ದು 2015ರ ಡಿಸೆಂಬರಿನಿಂದ 67. ಆರೇ ಅಲ್ಲವೇ ಅನ್ನಬೇಡಿ, ಶಕ್ತಿಯ ಲೆಕ್ಕದಲ್ಲಿ ಅದು ನಾಲ್ಕನೇ ಒಂದು ಭಾಗ. ಕಾರ್ಬನ್ ಮೊನಾಕ್ಸೈಡ್ ಮಿತಿ ಪ್ರತಿ ಕಿಲೋವ್ಯಾಟ್ ಗಂಟೆಗೆ 120 ಗ್ರಾಮಿನಿಂದ 90ಕ್ಕೆ ಇಳಿಯಿತು. ಮಾವನಿಗೆ ಸಿಗದೇ ಹೋದ ಹೊಗೆ ಹೋದದ್ದು ಹೀಗೆ. 2000ದಲ್ಲಿ ಇಲ್ಲೇ ಪಕ್ಕದ ಜಾಕ್ಸನ್ ಪ್ರದೇಶದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಡಿಮೆ ಹೊಗೆಯ, ಕಡಿಮೆ ಸದ್ದಿನ ಸ್ನೋಮೊಬೈಲ್ ಮಾಡುವ ಸ್ಪರ್ಧೆಯೊಂದು ಶುರುವಾಯಿತು, ಆಮೇಲೆ ಅದು ಮಿಶಿಗನ್ನಿಗೆ ಹೋಯಿತು ಅಂತ ಹೇಳಿದಾಗ ಮಾವನ ಮುಖ ಅರಳಿತು. ತಾವು ತೀರ್ಪುಗಾರರಾಗಿ ಹೋಗಬಹುದಿತ್ತು ಅನ್ನುವ ಹಾಗೆ.

ಎಲ್ಲ ಸರಿಹೋಗಿದೆ ಅನ್ನಲಾರೆ. ಕಡ್ಡಾಯ ಗೈಡ್, ದುಬಾರಿ ಹೊಸ ಗಾಡಿ, ಇವೆರಡೂ ಸೇರಿ ಇದು ಜೇಬು ಗಟ್ಟಿಯಿದ್ದವರ ಆಟವಾಗಿದೆ. ನಾವು ಒಂದು ದಿನಕ್ಕೆ ಕೊಟ್ಟ ಬಾಡಿಗೆಯನ್ನು ಮಾವನಿಗೆ ಈವರೆಗೂ ಹೇಳಿಲ್ಲ. ಇದಕ್ಕೊಂದು ಕಿಂಡಿ ಇಟ್ಟಿದ್ದಾರೆ: ನಾಲ್ಕು ದ್ವಾರಗಳಿಂದ ದಿನಕ್ಕೆ ಒಂದೊಂದು ಗುಂಪು, ಐದು ಗಾಡಿಯವರೆಗೆ, ಬಾಡಿಗೆ ಗೈಡ್ ಇಲ್ಲದೆ ಹೋಗಬಹುದು. ಲಾಟರಿಯಲ್ಲಿ ಹೆಸರು ಬರಬೇಕು, ಆನ್‌ಲೈನ್ ಪಾಠ ಓದಿ ಪ್ರಮಾಣಪತ್ರ ಪಡೆಯಬೇಕು, ಗಾಡಿ ಮಿತಿಯೊಳಗಿರಬೇಕು. ದಿನಕ್ಕೆ ನಾಲ್ಕು ಗುಂಪು! ಕಿಂಡಿ ಅಲ್ಲ, ಸೂಜಿಯ ಕಣ್ಣು. ಪೂರ್ವದ ಸಿಲ್ವನ್ ಪಾಸ್ ಅಂತೂ ಇನ್ನೊಂದು ವಿಚಿತ್ರ. ಅಲ್ಲಿ ಬೆಟ್ಟದಿಂದ ಹಿಮ ಕುಸಿಯುವ ಅಪಾಯ, ದಾರಿ ತೆರೆದಿಡಲು ಫಿರಂಗಿ ಹೊಡೆದು ಹಿಮ ಕೆಡವುತ್ತಾರೆ, ಹೌದು, ಸೈನ್ಯದ 105 ಮಿಲಿಮೀಟರ್ ಹೌವಿಟ್ಜರ್. ಬೆರಳೆಣಿಕೆಯ ಜನ ಬರುವ ದಾರಿಗೆ ಫಿರಂಗಿ ಯಾಕೆ ಅಂತ ನನ್ನ ಬುದ್ಧಿಗೆ ಹೊಳೆಯುವುದಿಲ್ಲ. ಪೂರ್ವದ ಕೋಡಿ ಊರಿನವರನ್ನು ಕೇಳಿದರೆ ಬೇರೆ ಉತ್ತರ ಬಂದೀತು.

ಸ್ನೋಕೋಚಿನಲ್ಲಿ ಹೋದರೆ ಪುಣ್ಯ, ಸ್ನೋಮೊಬೈಲಿನಲ್ಲಿ ಹೋದರೆ ಪಾಪ ಅನ್ನುವವರ ಜೊತೆಗೂ ನಾನಿಲ್ಲ. ಐವತ್ತರ ದಶಕದಲ್ಲಿ ಇಲ್ಲಿಗೆ ಬಂದ ಬೊಂಬಾರ್ಡಿಯರ್ ಕೋಚುಗಳ ಸದ್ದು ಕಿವಿ ತೂತಾಗುವಂಥದ್ದು. ಆ ಕೋಚುಗಳನ್ನು ಮಾಡಿದ, ಕೆನಡಾದ ಕ್ವಿಬೆಕ್‌ನ ಮೆಕ್ಯಾನಿಕ್ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯರ್ ಅವರ ಎರಡು ವರ್ಷದ ಮಗ 1934ರಲ್ಲಿ ಹಿಮ ಬಿದ್ದು ದಾರಿ ಮುಚ್ಚಿ ಆಸ್ಪತ್ರೆಗೆ ಒಯ್ಯಲಾಗದೆ ತೀರಿಕೊಂಡಿದ್ದ. ಇದನ್ನು ಹೇಳಿದ ಮೇಲೆ ಮಾವ ಬಹಳ ಹೊತ್ತು ಗಾಡಿಗಳ ಬಗ್ಗೆ ಏನೂ ಟೀಕೆ ಮಾಡಲಿಲ್ಲ. ಈಗಿನ ಕೋಚುಗಳಿಗೆ ಗಾಳಿ ಕಡಿಮೆ ತುಂಬಿದ ಭಾರಿ ಗಾತ್ರದ ಟೈರು. ಪಟ್ಟಿ ಕಟ್ಟಿದ ಹಳೆಯವಕ್ಕಿಂತ ಸದ್ದು ಕಡಿಮೆ, ಇಂಧನವೂ ಉಳಿಯುತ್ತದೆ.

ಮೂವತ್ತು ಮೈಲಿ ದಾಟಿ ಓಲ್ಡ್ ಫೇತ್‌ಫುಲ್ ತಲುಪಿದಾಗ ಹನ್ನೊಂದೂವರೆ. ಆ ಬುಗ್ಗೆ ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಚಿಮ್ಮುತ್ತದೆ, ಇನ್ನೂ ಹೊತ್ತಿತ್ತು. ಬೆಂಚಿನ ಮೇಲಿನ ಹಿಮ ಸರಿಸಿ ಕೂತೆವು. ಸುತ್ತಲಿನ ಪೈನ್ ಮರಗಳ ಮೇಲೆ ಆವಿ ಹೆಪ್ಪುಗಟ್ಟಿ ಕೊಂಬೆಗಳು ಕಾಣದಷ್ಟು ಬೆಳ್ಳಗೆ. ಮಾವ ಕೈಗವಸು ತೆಗೆದು ಫೋನು ಹೊರತೆಗೆದರು, ವಿಡಿಯೋಗೆ ಅಂದುಕೊಂಡೆ. ಅಲ್ಲ, ಧ್ವನಿ ಮಾತ್ರ ರೆಕಾರ್ಡ್ ಮಾಡುತ್ತಿದ್ದರು. ಐದು ನಿಮಿಷ ಯಾರೂ ಮಾತಾಡಬೇಡಿ ಅಂತ ಸನ್ನೆ.

ಮನೆಗೆ ಬಂದಮೇಲೆ ಒಂದು ಸಂಜೆ ಅದನ್ನು ಸ್ಪೀಕರಿನಲ್ಲಿ ಹಾಕಿದರು. ಮೊದಲ ಎರಡು ನಿಮಿಷ ಬುಗ್ಗೆಯ ಬಾಯಿಯ ಕೊತಕೊತ, ಎಲ್ಲೋ ಒಂದು ಕಾಗೆಯಂಥದು. ಆಮೇಲೆ ದೂರದಲ್ಲಿ ಬರ್ರ್ ಅಂತ ಎದ್ದು, ಹತ್ತಿರ ಬಂದು, ಅರ್ಧ ನಿಮಿಷ ಇದ್ದು, ಕರಗಿತು. ಮತ್ತೆ ಕೊತಕೊತ.

"ಇದು ನಾವಾ?"

"ಅಲ್ಲ ಮಾವ, ನಾವು ಆಗ ಬೆಂಚಿನ ಮೇಲೆ ಇದ್ವಲ್ಲ. ಇನ್ನೊಂದು ಗುಂಪು."

"ಹಾಗಾದ್ರೆ ನಮ್ಮದು ಯಾರ ಫೋನಲ್ಲಿದೆಯೋ" ಅಂದರು. ಇನ್ನೊಂದು ಸಲ ಹಾಕಿ ಕೇಳಿ, ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದರು. ಇವತ್ತಿಗೆ ಹನ್ನೆರಡು ದಿನ. ಇಬ್ಬರು ಗುಡ್ ಮಾರ್ನಿಂಗ್ ಅಂದಿದ್ದಾರೆ, ಒಬ್ಬರು ಆಡಿಯೋ ಬರುತ್ತಿಲ್ಲ, ಮತ್ತೆ ಕಳಿಸಿ ಅಂದಿದ್ದಾರೆ.